ಲ್ಯಾಪ್‌ಟಾಪ್ ಕೆಟ್ಟರೆ ಮನೆ ವಿಮೆ ನೆರವಿಗೆ ಬರುತ್ತದೆಯೇ?

ಪ್ರಶ್ನೆ: ಮಗಳ ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿ ಕೆಟ್ಟಿದೆ. ಮನೆಗೆ ವಿಮೆ ಮಾಡಿಸಿದ್ದೇವೆ. ಪರಿಹಾರ ಕೇಳಬಹುದೇ?
– ಓದುಗರೊಬ್ಬರು, ರನ್ನ ಬೆಳಗಲಿ

ಉತ್ತರ: ವಿಮಾ ಕಂಪನಿ ಮೊದಲು ಕೇಳುವುದೇ ಹಾನಿಯ ಕಾರಣ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕ್ ಒಡೆಯುವುದು ಸೇರಿವೆ. ಕಟ್ಟಡಕ್ಕೆ ವಿಮೆ ಇದ್ದರೆ ಅದರ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನಲ್ಲಿ ಮನೆಗಳಿಗೆ ನೀರು ನುಗ್ಗಿತ್ತಲ್ಲ, ಅಂಥ ನೀರಿನಲ್ಲಿ ನೆನೆದು ಹಾಳಾದರೆ ಖಂಡಿತ ಕೇಳಿ.

ಚಹಾ ಚೆಲ್ಲಿದ್ದು, ಕೈಜಾರಿ ಬಿದ್ದದ್ದು ಈ ಪಟ್ಟಿಯಲ್ಲಿಲ್ಲ. ಶಾರ್ಟ್ ಸರ್ಕಿಟ್ ಆಗಿ ಅಥವಾ ವೋಲ್ಟೇಜ್ ಏರಿ ಆ ಯಂತ್ರವಷ್ಟೇ ಸುಟ್ಟರೂ ಹಣ ಬರದು. ಕಾರಣ ಸಿಡಿಲಾಗಿದ್ದರೂ ಅಷ್ಟೇ. ಆಕಸ್ಮಿಕ ಹಾನಿಗೆ ಪ್ರತ್ಯೇಕ ರಕ್ಷಣೆ ತೆಗೆದುಕೊಂಡಿದ್ದೀರಾ ಎಂದು ಪಾಲಿಸಿ ಪತ್ರದಲ್ಲಿ ನೋಡಿ. ಇದ್ದರೆ ರಿಪೇರಿಗೆ ಕೊಡುವ ಮೊದಲೇ ಕಂಪನಿಗೆ ತಿಳಿಸಿ, ಫೋಟೊ ತೆಗೆದು, ಖರೀದಿ ಬಿಲ್ಲು ಹಾಗೂ ರಿಪೇರಿ ಅಂದಾಜು ಪತ್ರ ಇಟ್ಟುಕೊಳ್ಳಿ. ನೀವೇ ಭರಿಸಬೇಕಾದ ಪಾಲು ರಿಪೇರಿ ಖರ್ಚಿನಷ್ಟೇ ಇದ್ದರೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ನ್ಯಾಯವಾದ ಅರ್ಜಿಯನ್ನು ಕಂಪನಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ, ಶುಲ್ಕವಿಲ್ಲ.