ಕಡಲತಡಿಯ ಕಲ್ಲುಕಂಬಗಳು ಹುಟ್ಟಿದ ಬಗೆ

ಬೇಸಿಗೆ ಬಂತೆಂದರೆ ರಾಯಚೂರು ಜಿಲ್ಲೆಯ ಕುರ್ಡಿ, ಮಾನ್ವಿ ಸೀಮೆಯ ಎರೆ ಹೊಲಗಳು ಬಾಯಿ ಬಿಡುತ್ತವೆ. ನೀರು ಆರಿದ ಮಣ್ಣು ಕುಗ್ಗುತ್ತದೆ, ಕುಗ್ಗಲು ಜಾಗ ಸಾಲದೆ ಸೀಳುತ್ತದೆ. ಮೊದಲ ಬಿರುಕುಗಳು ಹೇಗೆಂದರೆ ಹಾಗೆ ಸಾಗುತ್ತವೆ. ಮತ್ತೆ ಮತ್ತೆ ನೆನೆದು ಒಣಗಿದ ಮೇಲೆ ಒಂದೊಂದು ಕೂಡುಬಿಂದುವಿನಿಂದ ಮೂರು ಕವಲು ಹೊರಟು ನೆಲವೆಲ್ಲ ಐದಾರು ಮೂಲೆಯ ಹೆಂಟೆಗಳಾಗುತ್ತದೆ. ಐರ್ಲೆಂಡ್ ದ್ವೀಪದ ಉತ್ತರ ತೀರದಲ್ಲಿ ಜಗತ್ತಿನ ಪ್ರವಾಸಿಗರು ಕಣ್ಣರಳಿಸಿ ನೋಡುವುದು ಈ ವಿನ್ಯಾಸವನ್ನೇ. ಅಲ್ಲಿ ಅದು ಕಲ್ಲಿನಲ್ಲಿ ಮೂಡಿದೆ.

ಆ ಜಾಗದ ಹೆಸರು ಜೈಂಟ್ಸ್ ಕಾಸ್‌ವೇ. ಆಂಟ್ರಿಮ್ ಕೌಂಟಿಯ ಬಂಡೆಗೋಡೆಗಳ ಬುಡದಿಂದ ಸುಮಾರು 40,000 ಕಂಬಗಳು ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಯುತ್ತವೆ. ಸ್ಕಾಟ್ಲೆಂಡಿನ ದೈತ್ಯನೊಡನೆ ಕಾದಾಡಲು ಫಿನ್ ಮೆಕೂಲ್ ಎಂಬ ವೀರ ಕಟ್ಟಿದ ದಾರಿ ಇದು ಎಂಬುದು ಅಲ್ಲಿನ ಜನರ ಕಥೆ. 1740ರ ಸುಮಾರಿಗೆ ಸುಸಾನಾ ಡ್ರೂರಿ ಎಂಬ ಐರಿಷ್ ಕಲಾವಿದೆ ಈ ಕಂಬಗಳನ್ನು ಒಂದೊಂದಾಗಿ ಗಮನಿಸಿ ಚಿತ್ರಿಸಿದಳು. ಆ ಚಿತ್ರಗಳು ಅಚ್ಚಾಗಿ ಯುರೋಪಿನ ತುಂಬ ಹರಡಿದವು. ಈ ಕಂಬಗಳು ಕಡಲ ನೀರಿನಿಂದ ಗಟ್ಟಿಗೊಂಡವೋ ಬೆಂಕಿಯಿಂದಲೋ ಎಂದು ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದರು. ಫ್ರಾನ್ಸಿನ ನಿಕೊಲಾ ದೆಮಾರೆ ತನ್ನ ನಾಡಿನ ಹಳೆಯ ಜ್ವಾಲಾಮುಖಿಗಳ ಪಕ್ಕದಲ್ಲಿ ಇಂಥದೇ ಕಂಬಗಳನ್ನು ಕಂಡು, ಇದು ಲಾವಾ ಎಂದ. ಅವನ ಮಾತೇ ನಿಂತಿತು. ಡ್ರೂರಿಯ ತಾಳ್ಮೆಗೂ ಈ ಗೆಲುವಿನಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ.

ಹರಿದು ನಿಂತ ಲಾವಾ ಹೊರಮೈಯಿಂದ ಆರತೊಡಗುತ್ತದೆ. ಆರಿದಂತೆ ಕುಗ್ಗಿ ಬಿರಿಯುತ್ತದೆ, ಬಿರುಕು ತಂಪಿನ ಬೆನ್ನು ಹತ್ತಿ ಒಳಕ್ಕೆ ಇಳಿಯುತ್ತದೆ. ನಿಧಾನವಾಗಿ ಆರಿದರೆ ದಪ್ಪ ಕಂಬ, ಬೇಗ ಆರಿದರೆ ಸಣ್ಣದು. ಟೊರಾಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ಒಣಗಿಸಿ, ಇಂಥ ಪುಟ್ಟ ಕಂಬಗಳನ್ನು ಪ್ರಯೋಗಾಲಯದಲ್ಲೇ ಎಬ್ಬಿಸಿ ತೋರಿಸಿದ್ದಾರೆ.

ಇದನ್ನು ನೋಡಲು ಐರ್ಲೆಂಡಿಗೇ ಹೋಗಬೇಕಿಲ್ಲ. ಉಡುಪಿಯ ಮಲ್ಪೆ ಬಂದರಿನಿಂದ ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂದು ಪ್ರತೀತಿ. ತೆಂಗಿನ ಮರಗಳು, ಚಿಪ್ಪು ಹಾಸಿದ ದಡ, ಅದರ ನಡುವೆ ಸಾಲುಸಾಲು ಕಂಬಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಇವುಗಳ ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಕಲಬುರಗಿ, ವಿಜಯಪುರದವರೆಗೆ ಹಬ್ಬಿದ ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಮಲ್ಪೆಯ ಕಂಬಗಳು ಅದಕ್ಕಿಂತಲೂ ಹಿರಿಯವು, ಬೇರೆಯೇ ಘಟನೆಯ ಕೂಸುಗಳು. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಕಿತ್ತುಕೊಂಡು ಹೊರಟ ಕಾಲದಲ್ಲಿ ಸೀಳಿದ ನೆಲದಿಂದ ಈ ಲಾವಾ ಉಕ್ಕಿತು. ಐರ್ಲೆಂಡಿನದೂ ಅಂಥದೇ ಕಥೆ: ಸುಮಾರು ಆರು ಕೋಟಿ ವರ್ಷಗಳ ಹಿಂದೆ ಯುರೋಪು ಮತ್ತು ಗ್ರೀನ್‌ಲೆಂಡ್ ಬೇರೆಯಾಗಿ ಉತ್ತರ ಅಟ್ಲಾಂಟಿಕ್ ತೆರೆದುಕೊಳ್ಳುವಾಗ ಹರಿದ ಲಾವಾ ಅದು. ಎರಡೂ ಕಡೆ ನಾವು ಮೆಟ್ಟಿ ನಿಲ್ಲುವುದು ಭೂಖಂಡಗಳು ಅಗಲಿದ ಗಾಯದ ಮೇಲೆ. ಶಾಲಾ ಪ್ರವಾಸದಲ್ಲಿ ಮಕ್ಕಳು ಈ ಕಂಬಗಳ ಮೇಲೆ ಫೋಟೊ ತೆಗೆಸಿಕೊಂಡು, ಈ ಸಂಗತಿ ಗೊತ್ತಾಗದೆಯೇ ಮರಳುವುದು ನಿಜಕ್ಕೂ ನಷ್ಟ.

ಜೈಂಟ್ಸ್ ಕಾಸ್‌ವೇ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮಲ್ಪೆಯ ದ್ವೀಪಕ್ಕೆ ಆ ಮನ್ನಣೆ ಇನ್ನೂ ಸಿಕ್ಕಿಲ್ಲ, ಸಿಗಬೇಕಾದ ಯೋಗ್ಯತೆ ಅದಕ್ಕಿದೆ.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳಿಲ್ಲ. ಕಡಲು ಶಾಂತವಾಗಿರುವ ತಿಂಗಳುಗಳಲ್ಲೂ ಅಂಚಿನ ಬಂಡೆಗಳು ಜಾರುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ರಾಯಚೂರು ಜಿಲ್ಲೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಮಕ್ಕಳನ್ನು ಕರಾವಳಿಗೆ ಕರೆದೊಯ್ಯುವ ಮುನ್ನ ಒಂದು ಮಧ್ಯಾಹ್ನ ಊರ ಎರೆ ಹೊಲಕ್ಕೆ ಕರೆದೊಯ್ದು ಆ ಬಿರುಕುಗಳ ಮೂಲೆಗಳನ್ನು ಎಣಿಸಲು ಹೇಳಿ.