ಉಪವಾಸ, ಹಸಿವೆ ಮತ್ತು ತೂಕದ ಇಳಿತ

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಊಟವನ್ನು ಬಲ್ಲವರು ಊಟ ಬಿಡುವುದನ್ನೂ ಬಲ್ಲವರಾಗಿದ್ದರು. ಏಕಾದಶಿಯ ನಿರಾಹಾರ, ಶನಿವಾರದ ಒಪ್ಪತ್ತು, ಸೂರ್ಯಾಸ್ತದ ತರುವಾಯ ಉಣ್ಣದ ಜೈನರ ನಿಯಮ, ರಂಜಾನ್ ತಿಂಗಳ ಉಪವಾಸ ಇವೆಲ್ಲವೂ ಧರ್ಮದ ಹೆಸರಿನಲ್ಲಿ ನಡೆದುಬಂದ ಆಚರಣೆಗಳು. ಇಂದು ಇದೇ ಪದ್ಧತಿಯನ್ನು ಮೈತೂಕ ಇಳಿಸುವ ಸಲುವಾಗಿ ಅನೇಕರು ಕೈಗೊಳ್ಳುತ್ತಿದ್ದಾರೆ. ದಿನದ 8 ಗಂಟೆಗಳಲ್ಲಿ ಊಟ ಮುಗಿಸಿ 16 ಗಂಟೆ ಉಪವಾಸವಿರುವುದು, ವಾರದಲ್ಲಿ ಎರಡು ದಿನ ಅತ್ಯಲ್ಪ ಆಹಾರ ಸೇವಿಸುವುದು, ದಿನ ಬಿಟ್ಟು ದಿನ ಉಪವಾಸ ಮಾಡುವುದು ಹೀಗೆ ಇದರಲ್ಲಿ ಹಲವು ಬಗೆಗಳುಂಟು. ಇದನ್ನು ಆರಂಭಿಸುವವರೆಲ್ಲರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಹಸಿವೆಯನ್ನು ತಡೆಯುವುದು ಹೇಗೆ?

ಹಸಿವೆಗೂ ಒಂದು ಗಡಿಯಾರ

ಹೊಟ್ಟೆ ಬರಿದಾದಂತೆ ಹಸಿವೆ ಒಂದೇ ಸಮನೆ ಏರುತ್ತ ಹೋಗುವುದೆಂಬುದು ಸಾಮಾನ್ಯ ಭಾವನೆ. ವಾಸ್ತವ ಹಾಗಿಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಅವರು ಜಠರದಿಂದ ಸ್ರವಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಇದು ರಕ್ತದ ಮೂಲಕ ಮೆದುಳನ್ನು ತಲುಪಿ ಹಸಿವೆಯನ್ನು ಕೆರಳಿಸುತ್ತದೆ. ರೂಢಿಯ ಊಟದ ಹೊತ್ತಿಗೆ ಮುನ್ನ ಇದರ ಪ್ರಮಾಣ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ವಿಶೇಷವೆಂದರೆ, ಆ ಹೊತ್ತಿನಲ್ಲಿ ಏನನ್ನೂ ತಿನ್ನದಿದ್ದರೂ ಅದು ಕೆಲಹೊತ್ತಿನಲ್ಲಿ ತಾನಾಗಿಯೇ ತಗ್ಗುತ್ತದೆ. ಪ್ರತಿದಿನ ನಾಲ್ಕು ಗಂಟೆಗೆ ಕಚೇರಿಯಲ್ಲಿ ಚಹಾ ಬಿಸ್ಕತ್ತು ತಿನ್ನುವವರಿಗೆ ಆ ವೇಳೆಗೆ ಹೊಟ್ಟೆ ಚುರುಗುಟ್ಟುವುದು ಬಹುಮಟ್ಟಿಗೆ ಅಭ್ಯಾಸದ ಫಲ. ಹಸಿವೆ ಬರುವುದು ಅಲೆಯಂತೆ. ಅಲೆಯಂತೆಯೇ ಅದು ಹಿಂದೆ ಸರಿಯುತ್ತದೆ.

ಆದುದರಿಂದ ಉಪವಾಸದ ಮೊದಲ ಒಂದೆರಡು ವಾರ ಕಷ್ಟವೆನಿಸಿದರೂ ಅನಂತರ ಅನೇಕರಿಗೆ ಹೊಸ ವೇಳೆ ರೂಢಿಯಾಗುತ್ತದೆ. ಆರಂಭದ ತಲೆನೋವಿಗೆ ಕೆಲವೊಮ್ಮೆ ಹಸಿವೆಗಿಂತ ಬೆಳಗಿನ ಕಾಫಿ ತಪ್ಪಿದುದೇ ಕಾರಣ. ಹಾಲು ಸಕ್ಕರೆ ಇಲ್ಲದ ಕಾಫಿಯಿಂದ ಉಪವಾಸಕ್ಕೆ ಭಂಗವಿಲ್ಲ.

ತೂಕ ಇಳಿದಾಗ ಏರುವ ಹಸಿವೆ

ಇದು ಗಂಟೆಗಳ ಹಸಿವೆಯ ಮಾತಾಯಿತು. ತಿಂಗಳುಗಟ್ಟಲೆ ನಡೆಯುವ ತೂಕದ ಇಳಿತದಲ್ಲಿ ಎದುರಾಗುವ ಹಸಿವೆಯೇ ಬೇರೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರ ಶೋಧದಿಂದ ಬೆಳಕಿಗೆ ಬಂದ ಲೆಪ್ಟಿನ್ ಎಂಬ ಹಾರ್ಮೋನು ದೇಹದ ಕೊಬ್ಬಿನಲ್ಲಿ ಉತ್ಪತ್ತಿಯಾಗುತ್ತದೆ. ಕೊಬ್ಬು ಕರಗಿದಂತೆ ಲೆಪ್ಟಿನ್ ಕಡಿಮೆಯಾಗುತ್ತದೆ. ಮೆದುಳು ಇದನ್ನು ಬರಗಾಲದ ಸೂಚನೆಯೆಂದು ಭಾವಿಸಿ ಹಸಿವೆಯನ್ನು ಹೆಚ್ಚಿಸುತ್ತದೆ.

ಮೆಲ್ಬರ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50 ಮಂದಿ ಸ್ಥೂಲಕಾಯರು 10 ವಾರ ಅತ್ಯಲ್ಪ ಆಹಾರದ ಪಥ್ಯ ಮಾಡಿ ಸರಾಸರಿ 13 ಕಿಲೋ ಮೀರಿ ತೂಕ ಇಳಿಸಿದರು. ಒಂದು ವರ್ಷದ ಬಳಿಕ ಪರೀಕ್ಷಿಸಿದಾಗಲೂ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿಯೇ ಇದ್ದಿತು. ಅಮೆರಿಕದ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಮಂಡಿಸಿದ ಲೆಕ್ಕದಂತೆ, ಇಳಿದ ಒಂದೊಂದು ಕಿಲೋ ತೂಕಕ್ಕೂ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹಸಿವೆ ಏರುತ್ತದೆ. ಅಂದರೆ ಕಿಲೋ ಒಂದಕ್ಕೆ ಹೆಚ್ಚುಕಡಿಮೆ ಒಂದು ಚಪಾತಿ. ಐದು ಕಿಲೋ ಇಳಿಸಿದವರ ದೇಹ ದಿನವೂ ಐದು ಚಪಾತಿಯನ್ನು ಹೆಚ್ಚಾಗಿ ಬೇಡುತ್ತದೆ. ಇಳಿದ ತೂಕ ಮರಳಿ ಬಂದಾಗ ಮನೆಯವರು ಬಾಯಿಚಪಲವೆಂದು ಹಾಸ್ಯ ಮಾಡುವುದೂ, ತನ್ನಲ್ಲಿ ಸಂಯಮವಿಲ್ಲವೆಂದು ವ್ಯಕ್ತಿ ತನ್ನನ್ನೇ ಹಳಿದುಕೊಳ್ಳುವುದೂ ಎಷ್ಟು ಅನ್ಯಾಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಉಪವಾಸದಿಂದ ಆಗುವುದೇನು?

2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 11 ಮಂದಿಗೆ ನಾಲ್ಕು ದಿನ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರೊಳಗೆ, ಮತ್ತೆ ನಾಲ್ಕು ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಅಷ್ಟೇ ಆಹಾರ ಕೊಡಲಾಯಿತು. ಬೇಗ ಊಟ ಮುಗಿಸಿದ ದಿನಗಳಲ್ಲಿ ಗ್ರೆಲಿನ್ ತಗ್ಗಿ ಹಸಿವೆ ಸಮಸ್ಥಿತಿಯಲ್ಲಿತ್ತು. ದೇಹದ ಶಕ್ತಿವ್ಯಯ ಮಾತ್ರ ಬದಲಾಗಲಿಲ್ಲ. ಪ್ರಯೋಗ ಚಿಕ್ಕದಾದರೂ ಫಲ ಗಮನಾರ್ಹ.

ದೀರ್ಘಕಾಲದ ಫಲಿತಾಂಶಗಳು ಅಷ್ಟು ಉಜ್ವಲವಲ್ಲ. ಚೀನದ ಗ್ವಾಂಗ್‌ಝೌನಲ್ಲಿ 139 ಮಂದಿಯ ಮೇಲೆ ನಡೆದ ಒಂದು ವರ್ಷದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿನವರೂ ಆಹಾರವನ್ನು ಮಿತಗೊಳಿಸಿದ್ದರು. ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಂಡವರು 8 ಕಿಲೋ, ಹೊತ್ತಿನ ನಿರ್ಬಂಧವಿಲ್ಲದವರು 6.3 ಕಿಲೋ ಇಳಿಸಿದರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರ ಖಚಿತವಾದುದಲ್ಲ. ಷಿಕಾಗೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನ ಬಿಟ್ಟು ದಿನ ಉಪವಾಸ ಕೈಗೊಂಡವರಲ್ಲಿ ಶೇಕಡಾ 38, ದಿನವೂ ಮಿತವಾಗಿ ಉಂಡವರಲ್ಲಿ ಶೇಕಡಾ 29 ಮಂದಿ ನಡುವೆಯೇ ಬಿಟ್ಟುಹೋದರು. ಉಪವಾಸ ಮಂತ್ರದಂಡವಲ್ಲ. ತುತ್ತು ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಸುಲಭವೆನ್ನುವವರಿಗೆ ಅದೊಂದು ಬೇಲಿ, ಅಷ್ಟೆ.

ಆಚರಣೆಯ ಕ್ರಮ

ಲೋಕಲ್ ಗಾಡಿಯಲ್ಲಿ ನಿಂತು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮುಂಬಯಿವಾಸಿಗೆ ಮಧ್ಯಾಹ್ನ ಎರಡಕ್ಕೆ ದಿನದ ಊಟ ಮುಗಿಸೆಂದರೆ ಆಗುವ ಮಾತಲ್ಲ. ಆದರೆ ಎರಡನೆಯ ಡಬ್ಬಿಯೊಂದನ್ನು ಒಯ್ದು ಸಂಜೆ ಆರರ ಸುಮಾರಿಗೆ ಉಂಡುಬಿಟ್ಟರೆ ರಾತ್ರಿ ಹತ್ತರ ಭಾರೀ ಊಟ ತಪ್ಪುತ್ತದೆ. ಮೊದಲು 12 ಗಂಟೆಯ ಉಪವಾಸದಿಂದ ತೊಡಗಿ ವಾರಕ್ಕೊಂದು ಗಂಟೆಯಂತೆ 14ಕ್ಕೆ ಏರಿಸುವುದು ಲೇಸು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ಅವಸರ ಸಲ್ಲದು.

ಉಪವಾಸ ಬಿಡುವಾಗ ತಿನ್ನುವ ಪದಾರ್ಥವೂ ಮುಖ್ಯ. ಸಾಬೂದಾಣೆ ಬಹುತೇಕ ಬರಿಯ ಪಿಷ್ಟ. ಅದರ ಖಿಚಡಿ, ವಡೆ, ಕರಿದ ಆಲೂಗಡ್ಡೆಗಳಿಂದ ಕೂಡಿದ ಫಲಾಹಾರ ಎಷ್ಟೋ ಸಲ ನಿತ್ಯದ ಊಟವನ್ನೂ ಮೀರಿಸುತ್ತದೆ. ಮೊಳಕೆಕಾಳು, ಬೇಳೆ, ಮೊಸರು, ಸೊಪ್ಪು, ಜೋಳದ ರೊಟ್ಟಿಗಳಲ್ಲಿನ ಸಸಾರಜನಕ ಮತ್ತು ನಾರು ಬಹುಹೊತ್ತು ತೃಪ್ತಿ ನೀಡುತ್ತವೆ. ಸ್ನಾಯುಗಳು ಸೊರಗದಂತೆ ನಡಿಗೆ, ವ್ಯಾಯಾಮಗಳೂ ಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇಲ್ಲವೆ ರಕ್ತದ ಸಕ್ಕರೆಯನ್ನು ಬಹಳವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ತೊಡಗಬಾರದು. ಬೆವರು, ನಡುಕ, ಕಣ್ಣುಕತ್ತಲೆ ಕಂಡರೆ ವ್ರತಭಂಗವನ್ನು ಯೋಚಿಸದೆ ಕೂಡಲೆ ಸಕ್ಕರೆ ತಿನ್ನಬೇಕು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು ಇದರಿಂದ ದೂರವಿರುವುದೇ ಕ್ಷೇಮ.

ಹಸಿವೆ ವೈರಿಯಲ್ಲ; ಜೀವವನ್ನು ಕಾಪಾಡಲೆಂದು ಪ್ರಕೃತಿ ಇಟ್ಟ ಕಾವಲುಗಾರ. ಅವನನ್ನು ಬಡಿದು ಮಲಗಿಸಲಾಗದು. ಹೊತ್ತರಿತು, ಹಿತವಾದುದನ್ನು ಕೊಟ್ಟು, ನಿಧಾನವಾಗಿ ಹೊಸ ರೂಢಿಗೆ ಒಗ್ಗಿಸಿಕೊಂಡವರಿಗೆ ತೂಕದ ಇಳಿತವೂ ಸಾಧ್ಯ, ಮನಸ್ಸಿನ ನೆಮ್ಮದಿಯೂ ಸಾಧ್ಯ.