ಜೀಪಿನ ಹಿಂದಿನ ಅಚ್ಚು

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಯ ಹಿಂದಣ ಅಂಗಳಕ್ಕೆ ಒಂದು ಟ್ರಾಲಿ ಆಟೋ ಬಂದು ನಿಂತಿತು. ಅದರಿಂದ ಇಬ್ಬರು ಆಳುಗಳು ಏದುಸಿರು ಬಿಡುತ್ತ ಇಳಿಸಿದ ವಸ್ತು ಒಂದು ಹಳೆಯ ಆಕ್ಸಲ್. ಅದನ್ನು ತಂದವನು ನಮ್ಮ ಕುಂದಾಪುರದ ಕಡೆಯ ಮಿತ್ರರೊಬ್ಬರ ಮಗ. ಈ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ತರುಣ. ತನ್ನ ಹಳೆಯ ಜೀಪಿನ ಹಿಂದಿನ ಅಚ್ಚನ್ನು ಕಳಚಿ, ಅದರ ಬದಲಿಗೆ ಈ ಬಲವಾದುದನ್ನು ತಾನೇ ಕೂಡಿಸಬೇಕೆಂಬುದು ಅವನ ಹಂಬಲ. ಅವನಿರುವ ಬಹುಮಹಡಿ ಕಟ್ಟಡದಲ್ಲಿ ಅದಕ್ಕೆ ಸ್ಥಳವಿಲ್ಲ. ನಮ್ಮ ಅಂಗಳದಲ್ಲಿದೆ.

“ಮಾವ, ಎರಡು ಭಾನುವಾರಗಳ ಕೆಲಸ, ಅಷ್ಟೆ” ಎಂದನು.

ಹಲವು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಬಂದ ನಮಗೆ “ಅಷ್ಟೆ” ಎಂಬ ಮಾತಿನ ಬೆಲೆ ಗೊತ್ತು. ಆದರೂ ಒಪ್ಪಿದೆವು. ಒಪ್ಪಿದುದಕ್ಕೆ ಕಾರಣವೊಂದಿದೆ. ಅದನ್ನು ಮುಂದೆ ನಿವೇದಿಸುತ್ತೇವೆ.

ಯುದ್ಧದಿಂದ ಬೆಟ್ಟಕ್ಕೆ

ಜೀಪು ಯುದ್ಧದ ಕೂಸು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರೊಳಗೆ, ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಅಲ್ಲಿಂದ ಮುಂದೆ ಈ ವಾಹನವು ಮಲೆನಾಡಿನ ಕಾಫಿ ತೋಟಗಳಿಗೂ ಅಡಕೆಯ ಹಾದಿಗಳಿಗೂ ಹೊಂದಿಕೊಂಡ ಬಗೆಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಕೊಲ್ಲೂರಿಗೆ ಹೋದವರು ಅಲ್ಲಿಂದ ಕೊಡಚಾದ್ರಿಗೆ ಜೀಪಿನಲ್ಲಿ ಏರಿರಬಹುದು. ಕೊರಕಲು ಬಿದ್ದ ಆ ಕೆಂಪು ದಾರಿಯಲ್ಲಿ ಜೀಪಿನ ಹಿಂದಿನ ಚಕ್ರಗಳು ಪಡುವ ಪಾಡನ್ನು ಕಂಡವರಿಗೆ, ಅಚ್ಚು ಎಂದರೇನೆಂದು ಹೊಟ್ಟೆಯೇ ಹೇಳುತ್ತದೆ.

ನಮ್ಮ ಈ ದಖ್ಖಣದ ನೆಲವೇನೂ ಕಡಿಮೆಯಲ್ಲ. ಮೂಸಿ ನದಿ ಹುಟ್ಟುವ ವಿಕಾರಾಬಾದಿನ ಅನಂತಗಿರಿ ಬೆಟ್ಟಗಳತ್ತ ರಜಾದಿನಗಳಲ್ಲಿ ಜೀಪು ಏರಿ ಹೊರಡುವ ತರುಣರಲ್ಲಿ ನಮ್ಮವರೂ ಇದ್ದಾರೆ. ಅಂತಹ ಒಂದು ಸವಾರಿಯಲ್ಲಿಯೇ ಈ ಹುಡುಗನ ಜೀಪಿನ ಹಿಂದಿನ ಶಾಫ್ಟು ಮುರಿದಿತ್ತು.

ಹೊರುವವನು ಯಾರು, ತಿರುಗಿಸುವವನು ಯಾರು?

ಹಿಂದಿನ ಅಚ್ಚಿನ ರಚನೆ ಸರಳವಾದುದು. ಎಂಜಿನ್ನಿನ ಬಲವು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಬಂದು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ತಿರುಗಿಸುತ್ತದೆ; ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ; ಅಲ್ಲಿಂದ ಎಡಬಲಕ್ಕೆ ಹೊರಟ ಎರಡು ಶಾಫ್ಟುಗಳು ಚಕ್ರಗಳನ್ನು ತಿರುಗಿಸುತ್ತವೆ. ಭೇದವಿರುವುದು ಗಾಡಿಯ ಭಾರವನ್ನು ಹೊರುವವರು ಯಾರು ಎಂಬಲ್ಲಿ.

ಸೆಮಿ ಫ್ಲೋಟಿಂಗ್, ಎಂದರೆ ಅರ್ಧ ತೇಲುವ ಅಚ್ಚಿನಲ್ಲಿ, ಆ ಶಾಫ್ಟೇ ಚಕ್ರವನ್ನು ತಿರುಗಿಸಬೇಕು, ಅದೇ ಭಾರವನ್ನೂ ಹೊರಬೇಕು. ಫುಲ್ ಫ್ಲೋಟಿಂಗ್, ಎಂದರೆ ಪೂರ್ಣ ತೇಲುವ ಅಚ್ಚಿನಲ್ಲಿ, ಭಾರವನ್ನು ಹೊರುವುದು ಹೊರಗಿನ ಕೊಳವೆ. ಹಬ್ಬು ಎರಡು ಬೇರಿಂಗುಗಳ ಮೇಲೆ ಆ ಕೊಳವೆಯನ್ನೇ ಆತು ನಿಂತಿರುತ್ತದೆ. ಶಾಫ್ಟಿಗೆ ತಿರುಗಿಸುವ ಕೆಲಸವೊಂದೇ. ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದರಲ್ಲಿ ಒಬ್ಬನೇ ಆಳು ಹಂಡೆಯನ್ನೂ ಎತ್ತಿ ಹಿಡಿದು ಸೌಟನ್ನೂ ತಿರುಗಿಸುತ್ತಾನೆ. ಎರಡನೆಯದರಲ್ಲಿ ಹಂಡೆಯನ್ನು ಒಲೆ ಹೊತ್ತಿರುತ್ತದೆ, ಆಳು ಸೌಟನ್ನು ತಿರುಗಿಸಿದರೆ ಸಾಕು.

ಈ ಭೇದವು ಶಾಫ್ಟು ಮುರಿದ ದಿನ ತಿಳಿಯುತ್ತದೆ. ಪೂರ್ಣ ತೇಲುವ ಅಚ್ಚಿನಲ್ಲಿ ಶಾಫ್ಟು ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಸ್ವಸ್ಥಾನದಲ್ಲಿಯೇ ಉಳಿಯುತ್ತದೆ. ಅರ್ಧ ತೇಲುವುದರಲ್ಲಿ ಶಾಫ್ಟು ಬೇರಿಂಗಿನ ಹೊರಬದಿಗೆ ಮುರಿದರೆ ಚಕ್ರವೇ ಗಾಡಿಯನ್ನು ಬಿಟ್ಟು ಹೊರಟುಹೋಗುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಹಿಂದಿನ ಅಚ್ಚು ಪೂರ್ಣ ತೇಲುವುದಾಗಿತ್ತು. ಯುದ್ಧಾನಂತರ ಸಾರ್ವಜನಿಕರಿಗಾಗಿ ಬಂದ ಮಾದರಿಗಳಲ್ಲಿ ಬೇಗನೇ ಅರ್ಧ ತೇಲುವ ಅಚ್ಚು ಬಳಕೆಗೆ ಬಂದಿತು. ಈ ಹಳೆಯ ಅಚ್ಚುಗಳಲ್ಲಿ ಹಬ್ಬು ಶಾಫ್ಟಿನ ಮೊನಚಾದ ತುದಿಗೆ ಒಂದು ಕೀಲಿ ಮತ್ತು ಒಂದು ನಟ್ಟಿನಿಂದ ಕೂಡಿರುತ್ತದೆ. ನಟ್ಟು ಸಡಿಲವಾದರೆ ಕೀಲಿ ಸವೆಯುತ್ತದೆ, ಕೀಲಿಯ ಗಾಡಿಯಲ್ಲಿ ಬಿರುಕು ಹುಟ್ಟುತ್ತದೆ.

ನಮ್ಮದೇ ಒಂದು ತಪ್ಪು

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮಲ್ಲೊಂದು ಹಳೆಯ ಜೀಪಿತ್ತು. ಬಾಳೆಲೆ, ತೆಂಗಿನಕಾಯಿ, ಹಾಲಿನ ಕ್ಯಾನುಗಳು ಎಲ್ಲವೂ ಅದರಲ್ಲಿಯೇ ಬರುತ್ತಿದ್ದವು. ಕೆಲವು ವಾರಗಳಿಂದ ಹಿಂದಿನ ಬಲ ಚಕ್ರದ ಕಡೆಯಿಂದ ‘ಟಕ್ ಟಕ್’ ಎಂಬ ಶಬ್ದ ಕೇಳುತ್ತಿತ್ತು. ಒಂದು ವರ್ಕ್‌ಷಾಪಿನಲ್ಲಿ ಆಯಿಲ್ ಸೀಲು ಬದಲಿಸಿ ಕಳುಹಿಸಿದರು. ಶಬ್ದ ನಿಲ್ಲಲಿಲ್ಲ. ಮತ್ತೆ ತೋರಿಸೋಣವೆಂದರೆ ಒಂದು ದಿನದ ವ್ಯಾಪಾರ ಹೋಗುತ್ತದೆ ಎಂದು ನಾವು ಮುಂದೂಡಿದೆವು. ಒಂದು ಮುಂಜಾವಿನಲ್ಲಿ ಆ ಚಕ್ರ ಡ್ರಮ್ಮಿನ ಸಮೇತ ಕಳಚಿಕೊಂಡಿತು. ಗಾಡಿ ವಾಲಿತು. ಹಿಂದೆ ಕುಳಿತಿದ್ದ ನಮ್ಮ ಹೋಟೆಲಿನ ಹುಡುಗನ ಕಾಲು ಹಾಲಿನ ಕ್ಯಾನುಗಳ ಅಡಿಯಲ್ಲಿ ಸಿಕ್ಕಿ ಮುರಿಯಿತು. ಮೂಳೆ ಕೂಡಿತು, ಆದರೆ ನಡಿಗೆಯಲ್ಲಿ ಕುಂಟು ಉಳಿಯಿತು.

ವರ್ಕ್‌ಷಾಪಿನವರನ್ನು ದೂರುವುದು ಸುಲಭ. ಶಬ್ದವನ್ನು ದಿನವೂ ಕೇಳಿದವರು ನಾವು. ತಾನೇ ಅಚ್ಚನ್ನು ಬದಲಿಸುವೆನೆಂದು ಹುಡುಗನೊಬ್ಬ ಅಂಗಳಕ್ಕೆ ಬಂದಾಗ ಬೇಡವೆನ್ನದೆ, ಕಣ್ಣೆದುರಿಗೇ ನಡೆಯಲೆಂದು ಒಪ್ಪಿದುದರ ಕಾರಣವಿಷ್ಟು.

37 ಪಟ್ಟು

ಬಲವಾದ ಅಚ್ಚು ಬೇಕೇ ಬೇಕೆ ಎಂಬುದನ್ನು ನಮ್ಮ ಎಸ್.ಎಸ್.ಎಲ್.ಸಿ. ಗಣಿತವೇ ಹೇಳುತ್ತದೆ. ಹಳೆಯ ಜೀಪಿನ ಮೊದಲನೆಯ ಗೇರು 2.80, ಟ್ರಾನ್ಸ್‌ಫರ್ ಪೆಟ್ಟಿಗೆಯ ‘ಲೋ’ 2.46, ಅಚ್ಚಿನ ಹಲ್ಲುಗಳ ಪ್ರಮಾಣ 5.38. ಮೂರನ್ನೂ ಗುಣಿಸಿದರೆ 37. ಎಂದರೆ, ಘರ್ಷಣೆಯ ನಷ್ಟವನ್ನು ಬಿಟ್ಟರೆ, ಎಂಜಿನ್ನಿನ ತಿರುಚುಬಲ ಚಕ್ರಗಳನ್ನು ತಲಪುವ ವೇಳೆಗೆ 37 ಪಟ್ಟಾಗುತ್ತದೆ. ಸಮನೆಲದಲ್ಲಿ ಇದು ನಾಲ್ಕು ಚಕ್ರಗಳಿಗೆ ಹಂಚಿಹೋಗಬಹುದು. ಬಂಡೆಯ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾದಾಗ ಹೆಚ್ಚಿನದೆಲ್ಲ ಹಿಂದಿನ ಅಚ್ಚಿನ ಪಾಲು. ಮೂಲಕ್ಕಿಂತ ದೊಡ್ಡ ಟೈರುಗಳನ್ನೂ ಬಲವಾದ ಡೀಸೆಲ್ ಎಂಜಿನ್ನನ್ನೂ ಹಾಕಿದವರು ಆ ಪಾಲನ್ನು ಮತ್ತಷ್ಟು ಹೆಚ್ಚಿಸುತ್ತಾರೆ. ನಮ್ಮ ತರುಣನು ಎರಡನ್ನೂ ಮಾಡಿದ್ದನು.

ಅರ್ಧ ಸುತ್ತಿನ ವ್ಯತ್ಯಾಸ

ಸಹಾಯಕ್ಕೆಂದು ನಮ್ಮ ಪರಿಚಯದ ಉಸ್ತಾದರನ್ನು ಕರೆಸಿದೆವು. ಅವರು ಜೀಪನ್ನು ಮುಟ್ಟುವ ಮೊದಲು ಹೊಸದಾಗಿ ತಂದ ಅಚ್ಚನ್ನು ನೆಲದ ಮೇಲೆಯೇ ಪರೀಕ್ಷಿಸಿದರು. ಹಳೆಯ ಜೀಪುಗಳಲ್ಲಿ ಕ್ರೌನ್ ಇರುವ ಗೋಳವು ನಡುವೆ ಇರದೆ ಬಲಕ್ಕೆ ಸರಿದಿರುತ್ತದೆ, ಏಕೆಂದರೆ ಟ್ರಾನ್ಸ್‌ಫರ್ ಪೆಟ್ಟಿಗೆಯ ಬಾಯಿ ಆ ಬದಿಗಿದೆ. ನಡುಗೋಳದ ಅಚ್ಚನ್ನು ತಂದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಓಡಬೇಕಾಗುತ್ತದೆ. ಇದರ ಗೋಳ ಬಲಕ್ಕೇ ಇತ್ತು. ಅಗಲ ಸರಿಯಿತ್ತು. ಚಕ್ರದ ಬೋಲ್ಟುಗಳು ಐದು, ಅವುಗಳ ವೃತ್ತ 5.5 ಇಂಚು, ಅದೂ ಸರಿಯಿತ್ತು. ಹುಡುಗನ ಮುಖ ಅರಳಿತು.

ಆಮೇಲೆ ಉಸ್ತಾದರು ಸೀಮೆಸುಣ್ಣದಿಂದ ಗುರುತು ಮಾಡಿ, ಒಂದು ಬದಿಯ ಹಬ್ಬನ್ನು ಅಲುಗದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರು. ಪಿನಿಯನ್ ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿತು. ಜೀಪಿನ ಮುಂದಿನ ಅಚ್ಚಿನಲ್ಲಿ ಇದೇ ಪರೀಕ್ಷೆ ಮಾಡಿದಾಗ ಐದೂ ಕಾಲು ಸುತ್ತನ್ನು ಮೀರಿತು. ಗೋಳವನ್ನು ಬಿಚ್ಚಿ ಹಲ್ಲು ಎಣಿಸಿದರು: ಕ್ರೌನಿಗೆ 39, ಪಿನಿಯನಿಗೆ 8, ಪ್ರಮಾಣ 4.88. ಮುಂದಿನದು 43ಕ್ಕೆ 8, ಪ್ರಮಾಣ 5.38.

“ಅರ್ಧ ಸುತ್ತಿನ ವ್ಯತ್ಯಾಸ ತಾನೆ?” ಎಂದನು ತರುಣ.

ಲೆಕ್ಕ ಹಾಕಿ ತೋರಿಸಿದೆವು. 28 ಇಂಚು ಎತ್ತರದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 448 ಸುತ್ತು ಹೊಡೆಯುತ್ತದೆ. ಸುತ್ತಿಗೆ ಅರ್ಧದಂತೆ, ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳಿಗೆ ಕಿಲೋಮೀಟರಿಗೆ 224 ಸುತ್ತಿನ ಜಗಳ. ಎರಡೇ ಚಕ್ರಗಳನ್ನು ಓಡಿಸುವಾಗ ಇದು ತೋರದು. ನಾಲ್ಕನ್ನೂ ಕೂಡಿಸಿದೊಡನೆ ಟ್ರಾನ್ಸ್‌ಫರ್ ಪೆಟ್ಟಿಗೆಯೊಳಗೆ ಎರಡು ಶಾಫ್ಟುಗಳು ಒಂದಾಗಿ ಬಿಗಿದುಕೊಳ್ಳುತ್ತವೆ. ಟೈರು ಜಾರಬೇಕು, ಇಲ್ಲವೇ ಎಲ್ಲಾದರೂ ಉಕ್ಕು ಮುರಿಯಬೇಕು. ಬಲಕ್ಕಾಗಿ ತಂದ ಅಚ್ಚೇ ಗಾಡಿಯನ್ನು ಮುರಿಯುತ್ತಿತ್ತು.

ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ವಾರವೆಲ್ಲ ರಾಣಿಗಂಜಿನ ಅಂಗಡಿಗಳಲ್ಲಿ ಅಲೆದು, ಆ ಅಚ್ಚಿಗೆ ಹೊಂದುವ 43ಕ್ಕೆ 8ರ ಕ್ರೌನ್ ಪಿನಿಯನ್ ಜೋಡಿಯನ್ನು ಸಂಪಾದಿಸಿದನು. ಅದನ್ನು ಕೂಡಿಸುವ ಕೆಲಸವನ್ನು ಮಾತ್ರ ನಾವು ಅಂಗಳದಲ್ಲಿ ಮಾಡಗೊಡಲಿಲ್ಲ. ಹಲ್ಲುಗಳ ನಡುವಣ ಸಡಿಲ, ಬೇರಿಂಗಿನ ಬಿಗಿ, ಇವನ್ನು ಡಯಲ್ ಗೇಜಿನಿಂದ ಅಳೆದು, ತೆಳುವಾದ ಶಿಮ್ಮುಗಳನ್ನು ಇಟ್ಟು ತೆಗೆದು ಹೊಂದಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಹಲ್ಲು ಕೂಗುತ್ತದೆ, ಕೊನೆಗೆ ಉದುರುತ್ತದೆ. ಅದು ಬಲ್ಲವರ ಕೈಯಲ್ಲಿಯೇ ಆಯಿತು.

ಅಂಗಳದ ಕೆಲಸ

ಉಳಿದುದು ಮನೆಯಲ್ಲಿ ಆಗತಕ್ಕದ್ದು, ಎಚ್ಚರವಿದ್ದರೆ. ಗಟ್ಟಿಯಾದ ಸಮನೆಲ, ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲಿನ ಒತ್ತು, ಚಾಸಿಯ ಅಡಿಗೆ ಉಕ್ಕಿನ ಸ್ಟ್ಯಾಂಡುಗಳು. ಜ್ಯಾಕು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆ ಒಡೆಯುತ್ತದೆ, ಮರದ ತುಂಡು ಜಾರುತ್ತದೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನು ಕೈಯಿಂದ ಅಲುಗಿಸಿ ನೋಡದ ಹೊರತು ಉಸ್ತಾದರು ಯಾರನ್ನೂ ಅಡಿಗೆ ಬಿಡಲಿಲ್ಲ.

ಪ್ರೊಪೆಲ್ಲರ್ ಶಾಫ್ಟು, ಬ್ರೇಕಿನ ಪೈಪು, ಕೈಬ್ರೇಕಿನ ಜೋಡಣೆ ಏನಿದೆಯೋ ಅದು, ಶಾಕ್ ಅಬ್ಸಾರ್ಬರ್, ಕೊನೆಗೆ ಯೂ ಬೋಲ್ಟುಗಳು. ಈ ಕ್ರಮದಲ್ಲಿ ಕಳಚಿದೆವು. ಹೊಸ ಅಚ್ಚಿನ ಮೇಲೆ ಸ್ಪ್ರಿಂಗು ಕೂರುವ ಪೀಠಗಳನ್ನು ಮೊದಲೇ ಪೂರ್ತಿ ಬೆಸುಗೆ ಹಾಕಬಾರದು. ಚುಕ್ಕೆ ಬೆಸುಗೆ ಹಾಕಿ, ಗಾಡಿಯ ಭಾರವನ್ನು ಸ್ಪ್ರಿಂಗಿನ ಮೇಲೆ ಬಿಟ್ಟು, ಪಿನಿಯನಿನ ಮುಖವೂ ಟ್ರಾನ್ಸ್‌ಫರ್ ಪೆಟ್ಟಿಗೆಯ ಮುಖವೂ ಸಮಾನಾಂತರವಾಗಿವೆಯೇ ಎಂದು ನೋಡಿ, ಆಮೇಲೆ ಅಚ್ಚನ್ನು ಇಳಿಸಿ ಪೂರ್ತಿ ಬೆಸೆಯಬೇಕು. ಇಲ್ಲವಾದರೆ ಜಾಯಿಂಟು ನಡುಗುತ್ತದೆ, ಬೇಗ ಸವೆಯುತ್ತದೆ. ಯೂ ಬೋಲ್ಟುಗಳು ಹೊಸವೇ ಆಗಬೇಕು. ಬ್ರೇಕಿನ ಗಾಳಿ ತೆಗೆಯಬೇಕು. ಗೇರ್ ಎಣ್ಣೆ ಹಾಕಿ, ಗೋಳದ ಉಸಿರುಕೊಳವೆ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದು ಕಟ್ಟಿದರೆ ಕಾದ ಎಣ್ಣೆ ಸೀಲುಗಳ ಮೂಲಕ ಬ್ರೇಕಿಗೆ ಹರಿಯುತ್ತದೆ. ನೂರು ಕಿಲೋಮೀಟರು ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿಯಬೇಕು.

ಕಾಯಿದೆಯ ಮಾತನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ದೃಢವಾಗಿ ಹೇಳಿತು. ಆದುದರಿಂದ ಕೈ ಹಚ್ಚುವ ಮೊದಲು ಆರ್.ಟಿ.ಓ. ಕಛೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಲೇಸು. ಮತ್ತೊಂದು ಮಾತು: ಒಂದು ಕೊಂಡಿಯನ್ನು ಬಲಪಡಿಸಿದರೆ ಸರಪಣಿ ಪಕ್ಕದ ಕೊಂಡಿಯಲ್ಲಿ ಮುರಿಯುತ್ತದೆ. ಹಿಂದಿನ ಅಚ್ಚು ಗಟ್ಟಿಯಾದರೆ ಮುಂದಿನ ಸರದಿ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನದು. ಅಚ್ಚು ಗಟ್ಟಿಯಾಯಿತೆಂದು ಸಾರಥಿ ಒರಟಾಗಬಾರದು.

ಎರಡು ಭಾನುವಾರಗಳ ಕೆಲಸಕ್ಕೆ ನಾಲ್ಕು ಭಾನುವಾರಗಳು ಹಿಡಿದವು. ನಾಲ್ಕನೆಯ ಸಂಜೆ ಜೀಪು ತನ್ನ ಕಾಲ ಮೇಲೆ ನಿಂತಿತು. ಅಂದು ಕಾಲು ಮುರಿದುಕೊಂಡ ಹೋಟೆಲಿನ ಹುಡುಗ ಈಗ ಹುಡುಗನಲ್ಲ. ನಮ್ಮ ಪತ್ರಿಕೆಯ ಕಛೇರಿಯಲ್ಲಿ ಬೆಳಗಿನ ಕಟ್ಟುಗಳನ್ನು ಕಟ್ಟುವವನು ಅವನೇ. ಅಂದು ಅವನೂ ಬಂದಿದ್ದನು. ಯಾರೂ ಹೇಳದೆಯೇ ಹಿಂದಿನ ಬಲ ಚಕ್ರದ ಬಳಿ ಕುಳಿತು, ಪಾನ ಹಿಡಿದು ಐದು ನಟ್ಟುಗಳನ್ನೂ ಒಂದೊಂದಾಗಿ ಬಿಗಿದು ನೋಡಿದನು. ಎದ್ದು, “ಇನ್ನು ಹೋಗಬಹುದು ಅಣ್ಣ” ಎಂದು ತರುಣನಿಗೆ ಹೇಳಿದನು.

ಮನೆಯಲ್ಲಿ ಜೀಪು ಇಟ್ಟುಕೊಂಡಿರುವ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಹಿಂದಿನ ಚಕ್ರದಿಂದ ಶಬ್ದ ಕೇಳಿಬಂದರೆ ಅಂದೇ ಗಾಡಿಯನ್ನು ನಿಲ್ಲಿಸಿರಿ. ಒಂದು ದಿನದ ವ್ಯಾಪಾರ ಹೋದರೆ ಮರುದಿನ ಬಂದೀತು.